ಮಾರಿ ಜನರ ಬನದಲ್ಲಿ ವಿಗ್ರಹವಿಲ್ಲ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಕಳೆದ ಭಾನುವಾರದ ಪುರವಣಿಯಲ್ಲಿ ರಷ್ಯಾದ ವೋಲ್ಗಾ ನದಿಯ ಆಸುಪಾಸಿನಲ್ಲಿ ನೆಲೆಸಿರುವ ಮಾರಿ ಜನರ ಕುರಿತು ಬಂದ ಚಿತ್ರಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಓದಿದ್ದು ಬದಿಯಡ್ಕ ಪೇಟೆಯ ಚಹಾದಂಗಡಿಯ ಬೆಂಚಿನಲ್ಲಿ. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ‘ಮಾರಿ ಜನರ ಹಬ್ಬ’ ಎಂಬ ತಲೆಬರಹವನ್ನು ನನ್ನ ಹೆಗಲ ಮೇಲಿಂದಲೇ ಓದಿ, “ಮಾಷ್ಟ್ರೇ, ಇದು ಎಲ್ಲಿಯ ಮಾರಿಪೂಜೆ?” ಎಂದು ಕೇಳಿದರು. ಅವರ ತಪ್ಪೇನೂ ಇಲ್ಲ. ಮಳೆಗಾಲದ ಆಟಿ ತಿಂಗಳಲ್ಲಿ ಕಳಂಜನೆಂಬ ವೇಷ ಮನೆಯಂಗಳಕ್ಕೆ ಬಂದು ಊರಿನ ಮಾರಿಯನ್ನು ಕಳೆದು ಹೋಗುತ್ತಾನೆಂದು ನಂಬಿ ಬೆಳೆದ ನಮ್ಮ ಕಡೆಯವರಿಗೆ ಆ ಎರಡಕ್ಷರ ಕಂಡರೆ ನೆನಪಾಗುವುದು ಕಾಯಿಲೆ, ಕೋಳಿ ಮತ್ತು ಕುಂಕುಮದ ನೀರು. ಎರಡನೆಯ ಸಲ ಮನೆಯಲ್ಲಿ ಕುಳಿತು ಸಾವಧಾನದಿಂದ ಓದಿದಾಗ, ಲೇಖನದಲ್ಲಿ ಬಂದಿರುವ ಎರಡು ಮಾತುಗಳನ್ನು ತಿದ್ದಬೇಕೆಂದು ತೋರಿತು. ಒಂದು, ಅವರನ್ನು ‘ವಿಗ್ರಹಾರಾಧಕರು’ ಎಂದದ್ದು. ಇನ್ನೊಂದು, ಅವರು ‘ಸಾವಿರ ವರ್ಷಗಳಿಂದ ಬದಲಾಗದೆ ಉಳಿದವರು’ ಎಂದದ್ದು. ಈ ಜನರ ಆಚಾರಗಳ ಬಗ್ಗೆ ಹಲವು ವರ್ಷಗಳಿಂದ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದ ಒಬ್ಬ ನಿವೃತ್ತ ಕನ್ನಡ ಅಧ್ಯಾಪಕನಾಗಿ, ಅದಕ್ಕಿಂತ ಹೆಚ್ಚಾಗಿ ಒಂದು ನಾಗಬನದ ಬದಿಯಲ್ಲಿ ಹುಟ್ಟಿದವನಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಮಾತು. ಮಾರಿ ಎಂದರೆ ಅವರ ಭಾಷೆಯಲ್ಲಿ ಗಂಡಸು, ಗಂಡ, ಮನುಷ್ಯ ಎಂದರ್ಥ. ಅದು ಬಹಳ ಹಿಂದೆ ಇಂಡೋ-ಇರಾನಿಯನ್ ನುಡಿಗಳನ್ನು ಆಡುತ್ತಿದ್ದವರಿಂದ ಅವರಿಗೆ ದಕ್ಕಿದ ಶಬ್ದವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ವೇದದಲ್ಲಿ ತರುಣನೆಂಬ ಅರ್ಥದಲ್ಲಿ ಬರುವ ‘ಮರ್ಯ’ ಅದೇ ಬಳಗದ್ದು. ಆದ್ದರಿಂದ ನಮ್ಮ ಮಾರಿಯಮ್ಮನಿಗೂ ಅವರಿಗೂ ಸಂಬಂಧವಿಲ್ಲ. ಆದರೆ ಅವರ ಭಾಷೆ ಇಂಡೋ-ಇರಾನಿಯನ್ ವರ್ಗದ್ದಲ್ಲ. ಫಿನ್ನಿಷ್, ಎಸ್ಟೋನಿಯನ್, ಹಂಗೇರಿಯನ್ ಭಾಷೆಗಳ ದೂರದ ನೆಂಟನಾದ ಅದು ಫಿನ್ನೋ-ಉಗ್ರಿಕ್ ಕುಲಕ್ಕೆ ಸೇರಿದೆ. ರಷ್ಯನ್ನರು ಬಹುಕಾಲ ಅವರನ್ನು ಚೆರೆಮಿಸ್ ಎಂದೇ ಕರೆಯುತ್ತಿದ್ದರು. ವೋಲ್ಗಾದ ಎಡದಂಡೆಯ ಹುಲ್ಲುಗಾವಲ ಮಾರಿಗಳು, ಬಲದಂಡೆಯ ಗುಡ್ಡದ ಮಾರಿಗಳು, ಪೂರ್ವಕ್ಕೆ ಬಾಷ್ಕಿರ್ ಸೀಮೆಯಲ್ಲಿ ಚದುರಿರುವ ಮೂಡಣ ಮಾರಿಗಳು ಎಂದು ಅವರಲ್ಲೇ ಪಂಗಡಗಳಿವೆ. ಯೊಷ್ಕಾರ್-ಓಲಾ ರಾಜಧಾನಿಯಾಗಿರುವ ಮಾರಿ ಎಲ್ ಗಣರಾಜ್ಯ ಅವರ ಹೆಸರಿನದೇ ಆದರೂ ಅಲ್ಲಿ ಅವರು ಅಲ್ಪಸಂಖ್ಯಾತರು, ಮಾರಿಗಳಲ್ಲಿ ಅರ್ಧಕ್ಕೆ ಸಮೀಪದಷ್ಟು ಜನ ಅದರ ಹೊರಗೇ ಇದ್ದಾರೆ. ಊರು ತಮ್ಮದು, ಆಡಳಿತದ ಭಾಷೆ ಬೇರೆಯದು ಎಂಬ ಸ್ಥಿತಿಯನ್ನು ಕಾಸರಗೋಡಿನ ಓದುಗರಿಗೆ ವಿವರಿಸಬೇಕಾಗಿಲ್ಲ.

ಇನ್ನು ವಿಗ್ರಹದ ವಿಚಾರ. ಮಾರಿ ಜನರ ಹಳೆಯ ಧರ್ಮದಲ್ಲಿ ಗುಡಿಯಿಲ್ಲ, ಗರ್ಭಗುಡಿಯಿಲ್ಲ, ಮೂರ್ತಿಯಿಲ್ಲ. ಇರುವುದು ಬನ. ಬರ್ಚ್, ಲಿಂಡನ್, ಓಕ್ ಮರಗಳು ತುಂಬಿದ ಆ ಪ್ರಾರ್ಥನಾ ಬನಕ್ಕೆ ಅವರು ಕ್ಯುಸೊತೊ ಎನ್ನುತ್ತಾರೆ. ಒತೊ ಎಂದರೆ ತೋಪು. ಬನದೊಳಗೆ ಒಂದೊಂದು ದೇವತೆಗೆ ಒಂದೊಂದು ಮರ ಮೀಸಲು, ಅದು ಒನಾಪು. ಹುಲ್ಲುಗಾವಲ ಹಳ್ಳಿಗಳ ಬಯಲಿನ ನಡುವೆ ಸುತ್ತಲೂ ಹೊಲ ಉತ್ತು, ಈ ಒಂದು ತುಂಡನ್ನು ಮಾತ್ರ ನೇಗಿಲು ಮುಟ್ಟದಂತೆ ಬಿಟ್ಟಿರುವ ಚಿತ್ರಗಳನ್ನು ನೋಡಿದರೆ, ಗದ್ದೆಯ ನಡುವೆ ದ್ವೀಪದಂತೆ ಉಳಿದ ನಮ್ಮ ಹಳೆಯ ಬನಗಳ ನೆನಪಾಗದೆ ಇರದು. ಮನೆತನದ ಬನ, ಊರಿನ ಬನ, ಹಲವು ಊರುಗಳು ಕೂಡುವ ದೊಡ್ಡ ಬನ ಎಂಬ ತಾರತಮ್ಯವೂ ಅಲ್ಲಿದೆ. ನಮ್ಮಲ್ಲಿ ಕುಟುಂಬದ ನಾಗ, ಮೂಲಸ್ಥಾನದ ನಾಗ ಎನ್ನುವ ಹಾಗೆ.

ಬನದ ಕಟ್ಟುಪಾಡುಗಳು ಬಿಗಿಯಾಗಿವೆ. ಹಸಿರು ಕೊಂಬೆ ಮುರಿಯಬಾರದು. ಕಟ್ಟಿಗೆಯನ್ನು ಮನೆಗೆ ಒಯ್ಯಬಾರದು. ಗಟ್ಟಿಯಾಗಿ ಮಾತಾಡಬಾರದು, ಬೈಯಬಾರದು, ಕೆಲಸವಿಲ್ಲದೆ ಒಳಗೆ ಸುತ್ತಬಾರದು. ಪ್ರಾರ್ಥನೆಗೆ ಬರುವವರು ಹಿಂದಿನ ದಿನವೇ ಮೊಂಚಾದಲ್ಲಿ, ಅಂದರೆ ತಮ್ಮ ಹಬೆಮನೆಯಲ್ಲಿ, ಮಿಂದು ಶುಚಿಯಾಗಿ, ಬಿಳಿ ಬಟ್ಟೆ ತೊಟ್ಟು ಬರಬೇಕು. ಬಿಳಿ ಉಣ್ಣೆಯ ಎತ್ತರದ ಟೋಪಿ ಧರಿಸಿದ ಕಾರ್ತ್, ಅಂದರೆ ಅವರ ಅರ್ಚಕ, ಒನಾಪುವಿನ ಎದುರು ನಿಂತು ಪ್ರಾರ್ಥಿಸುತ್ತಾನೆ. ಮರದ ಬುಡದಲ್ಲಿ ಹಾಸಿದ ಬಟ್ಟೆಯ ಮೇಲೆ ರೊಟ್ಟಿ, ಜೇನು, ಗಿಣ್ಣಿನಿಂದ ಮಾಡಿದ ತುವಾರಾ, ದಪ್ಪ ದೋಸೆಯಂಥ ತಿನಿಸುಗಳು ಇರುತ್ತವೆ. ಸ್ವಲ್ಪ ಆಚೆ ದೊಡ್ಡ ದೊಡ್ಡ ಕೊಪ್ಪರಿಗೆಗಳು ಬೆಂಕಿಯ ಮೇಲೆ ತೂಗುತ್ತಿರುತ್ತವೆ.

ಕೊಪ್ಪರಿಗೆ ಏಕೆಂದರೆ ಬಲಿಯುಂಟು. ಲೇಖಕರು ಇದನ್ನು ಒಂದು ಸಾಲಿನಲ್ಲಿ ಮುಗಿಸಿ ಮುಂದೆ ಹೋಗಿದ್ದಾರೆ, ಪ್ರಾಯಃ ಓದುಗರು ಮುಜುಗರಪಟ್ಟಾರೆಂದು. ಹೆಚ್ಚಾಗಿ ಬಾತುವಿನ ಜಾತಿಯ ಹೆಬ್ಬಾತು, ಕುರಿ, ಕೆಲವೊಮ್ಮೆ ಹೋರಿ ಅಥವಾ ಕುದುರೆಯನ್ನೂ ಅರ್ಪಿಸುತ್ತಾರೆ. ಅರ್ಪಿಸುವ ಮೊದಲು ಪ್ರಾಣಿಯ ಮೈಮೇಲೆ ನೀರು ಸುರಿಯುತ್ತಾರೆ. ಅದು ಮೈ ಕೊಡವಿದರೆ ದೇವರಿಗೆ ಒಪ್ಪಿಗೆಯಾಯಿತೆಂದು ಲೆಕ್ಕ, ಕೊಡವದಿದ್ದರೆ ಕಾಯಬೇಕು. ಇದೇ ನೀರು, ಇದೇ ಕೊಡವುವಿಕೆ ದಕ್ಷಿಣ ಭಾರತದ ಎಷ್ಟೋ ಜಾತ್ರೆಗಳಲ್ಲಿ ಇಂದಿಗೂ ಕಾಣಸಿಗುತ್ತದೆ. ಯಾರಿಂದ ಯಾರು ಕಲಿತರೆಂದು ಹುಡುಕಹೊರಡುವುದು ವ್ಯರ್ಥ. ಕೊಲ್ಲುವ ಮೊದಲು ಆ ಜೀವವನ್ನು ಒಂದು ಮಾತು ಕೇಳಬೇಕೆಂಬ ಅಳುಕು ಮನುಷ್ಯನಿಗೆ ಎಲ್ಲಿಯೂ ಇದ್ದಿರಬೇಕು ಎಂದಷ್ಟೇ ನನ್ನ ಊಹೆ. ಬೇಯಿಸಿದ್ದನ್ನು ಬಂದವರೆಲ್ಲ ಹಂಚಿಕೊಂಡು ಉಣ್ಣುತ್ತಾರೆ.

ಅವರು ಪ್ರಾರ್ಥಿಸುವ ದೇವರ ಹೆಸರು ಯುಮೊ. ಆಕಾಶಕ್ಕೂ ಅದೇ ಶಬ್ದ. ಎಲ್ಲರಿಗೂ ಮೇಲಿನವನು ಓಷ್ ಪೊರೊ ಕುಗು ಯುಮೊ, ಎಂದರೆ ಬಿಳಿಯ, ಒಳ್ಳೆಯ, ದೊಡ್ಡ ದೇವರು. ಅವನ ಕೆಳಗೆ ತಾಯಂದಿರ ಒಂದು ಬಳಗವೇ ಇದೆ: ಭೂಮಿತಾಯಿ ಮ್ಲಾಂಡೆ ಅವಾ, ನೀರಿನ ತಾಯಿ ವ್ಯುದ್ ಅವಾ, ಬೆಂಕಿಯ ತಾಯಿ ತುಲ್ ಅವಾ, ಗಾಳಿಯ ತಾಯಿ ಮಾರ್ದೆಜ್ ಅವಾ, ಹೆರಿಗೆಯ ತಾಯಿ ಷೊಚಿನ್ ಅವಾ. ಅವಾ ಎಂದರೆ ತಾಯಿ. ನಮ್ಮ ‘ಅವ್ವ’ನಿಗೂ ಇದಕ್ಕೂ ನಂಟು ಕಟ್ಟುವ ಆಸೆ ನನ್ನಂಥ ಭಾಷೆಯ ಮಾಷ್ಟ್ರಿಗೆ ಬಂದೇ ಬರುತ್ತದೆ, ಆದರೆ ಅದು ಬರೀ ಕಾಕತಾಳೀಯ, ಮಗುವಿನ ಬಾಯಿಗೆ ಸುಲಭವಾಗಿ ಬರುವ ಸದ್ದುಗಳು ಎಲ್ಲ ಭಾಷೆಗಳಲ್ಲಿ ತಾಯಿಯ ಹತ್ತಿರವೇ ಸುಳಿಯುತ್ತವೆ. ಬೇಡುವುದೇನೆಂದರೆ ಮಳೆ, ಬೆಳೆ, ದನಕರು, ಜೇನ್ನೊಣ, ಮಕ್ಕಳು. ಹಿಂದಿನ ಕಾಲದ ಪ್ರಾರ್ಥನೆಗಳಲ್ಲಿ ತ್ಸಾರ್ ದೊರೆಯ ಕಂದಾಯ ಕಟ್ಟುವ ತ್ರಾಣ ಕೊಡು ಎಂಬ ಬೇಡಿಕೆಯೂ ಸೇರಿತ್ತು. ಇಷ್ಟು ಪ್ರಾಮಾಣಿಕವಾದ ಪ್ರಾರ್ಥನೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಷ್ಟೆಲ್ಲ ವಿವರ ಬರೆದದ್ದಕ್ಕೆ ಕಾರಣವಿದೆ. ‘ವಿಗ್ರಹಾರಾಧಕರು’ ಎಂಬ ಪದ ಮಾರಿ ಜನರ ಪಾಲಿಗೆ ತಪ್ಪಾದ ಮಾಹಿತಿ ಮಾತ್ರವಲ್ಲ; ಬನ ಎಂದರೆ ವಿಗ್ರಹ ಇಡುವ ಜಾಗ ಎಂಬ ನಮ್ಮ ಈಚಿನ ತಿಳಿವಳಿಕೆಯನ್ನು ಅದು ಇನ್ನಷ್ಟು ಗಟ್ಟಿಮಾಡುತ್ತದೆ. ನಮ್ಮ ತರವಾಡಿನ, ಅಂದರೆ ಕುಟುಂಬದ ಮೂಲಮನೆಯ, ನಾಗಬನ ನಾನು ಚಿಕ್ಕವನಿದ್ದಾಗ ಹಗಲು ಹೊತ್ತಿನಲ್ಲೂ ಕತ್ತಲೆಯಾಗಿರುತ್ತಿತ್ತು. ರೆಂಜೆ, ಸುರಹೊನ್ನೆ, ಧೂಪದ ಮರ, ಅವುಗಳ ಮೇಲೆ ಹೆಣೆದ ಬಳ್ಳಿಗಳು. ತಂಬಿಲದ, ಅಂದರೆ ನಾಗನ ಪೂಜೆಯ, ದಿನ ಅರ್ಚಕರು ಬಳ್ಳಿಗಳನ್ನು ಕೈಯಿಂದ ಬದಿಗೆ ಸರಿಸಿ ಬಗ್ಗಿ ಒಳಗೆ ಹೋಗುತ್ತಿದ್ದರು, ಹಾಲು ಸೀಯಾಳ ಎರೆದು ಅದೇ ದಾರಿಯಲ್ಲಿ ಹಿಂದಕ್ಕೆ ಬರುತ್ತಿದ್ದರು, ಮರುದಿನಕ್ಕೆ ಬಳ್ಳಿ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಬನದ ಹೊರಗೆ ಉದುರಿ ಬಿದ್ದ ರೆಂಜೆಹೂವನ್ನು ಅಜ್ಜಿ ಬಾಳೆನಾರಿನಲ್ಲಿ ಪೋಣಿಸುತ್ತಿದ್ದರು. ಒಳಗೆ ಬಿದ್ದದ್ದನ್ನು ಹೆಕ್ಕುವ ಹಾಗಿರಲಿಲ್ಲ. ಹನ್ನೆರಡು ವರ್ಷಗಳ ಹಿಂದೆ ಜೀರ್ಣೋದ್ಧಾರ ಆಯಿತು. ಪ್ರಶ್ನೆ ಇಟ್ಟರು, ಸಮಿತಿ ಮಾಡಿದರು, ಎಲ್ಲ ಮನೆಗಳಿಂದ ವಂತಿಗೆ ಎತ್ತಿದರು, ನಾನೂ ಕೊಟ್ಟೆ. ಈಗ ಅಲ್ಲಿ ಕರಿಕಲ್ಲಿನ ಕಟ್ಟೆ ಇದೆ, ಸುತ್ತಲೂ ಸ್ಟೀಲಿನ ಕಂಬಿ, ನೆಲಕ್ಕೆ ಇಂಟರ್‌ಲಾಕ್, ಮೇಲೆ ಶೀಟು. ಉಳಿದಿರುವ ಒಂದೇ ರೆಂಜೆ ಮರಕ್ಕೆ ಇಂಟರ್‌ಲಾಕಿನ ನಡುವೆ ಎರಡಡಿ ಚೌಕದ ತೂತು ಬಿಟ್ಟಿದ್ದಾರೆ. ಬುಡ ದಪ್ಪವಾಗುತ್ತ ಬಂದು ಈಗ ಇಟ್ಟಿಗೆಗಳನ್ನು ಎತ್ತತೊಡಗಿದೆ. ಹೂ ಉದುರಿದರೆ ಕಸ ಎಂದು ಗುಡಿಸುತ್ತಾರೆ. ಹಿಂದೆ ನಮಗೆ ಮರವೇ ನಾಗನ ಜಾಗವಾಗಿತ್ತು, ಕಲ್ಲು ಅದರ ಗುರುತು. ಈಗ ಕಲ್ಲೇ ನಾಗ, ಮರ ಅಡ್ಡಿ. ಈ ಮಾತನ್ನು ಯಾರ ಮೇಲಿನ ದೂರಾಗಿಯೂ ಬರೆಯುತ್ತಿಲ್ಲ, ಸಮಿತಿಯ ಕೋಶಾಧಿಕಾರಿ ನಾನೇ ಆಗಿದ್ದೆ.

ಲೇಖನದಲ್ಲಿ ಹಬ್ಬಗಳ ಹೆಸರುಗಳು ಬಂದಿವೆ, ಆದರೆ ಹಬ್ಬದಲ್ಲಿ ಮಾಡುವುದೇನೆಂಬುದು ಬಂದಿಲ್ಲ. ಚಳಿಗಾಲದ ನಡುವೆ ಬರುವ ಷೊರಿಕ್‌ಯೋಲ್ ಎಂದರೆ ಕುರಿಕಾಲು. ಆ ರಾತ್ರಿ ಹುಡುಗಿಯರು ಕತ್ತಲೆಯ ಕೊಟ್ಟಿಗೆಗೆ ಹೋಗಿ ಕುರಿಯ ಕಾಲು ಹಿಡಿದೆಳೆಯುತ್ತಾರೆ. ಕೈಗೆ ಸಿಕ್ಕಿದ್ದು ಕರಿಕುರಿಯಾದರೆ ಕಪ್ಪು ಕೂದಲಿನ ಗಂಡ, ಬಿಳಿಯದಾದರೆ ಹೊಂಗೂದಲಿನವನು. ವಾಸ್ಲಿ ಎಂಬ ಮುದುಕ ಮತ್ತು ಅವನ ಮುದುಕಿಯ ವೇಷ ಹಾಕಿದವರು ಗುಂಪು ಕಟ್ಟಿಕೊಂಡು ಮನೆಮನೆಗೆ ಬಂದು ಹಾಸ್ಯ ಮಾಡಿ, ಒಳ್ಳೆಯದಾಗಲೆಂದು ಹರಸಿ, ತಿಂಡಿ ಪಡೆದು ಹೋಗುತ್ತಾರೆ. ವಸಂತದಲ್ಲಿ ಉಳುಮೆಯ ಹೊತ್ತಿಗೆ ಅಗಾವೈರೆಮ್. ನಡುಬೇಸಗೆಯ ಸ್ಯುರೆಮ್ ಹಬ್ಬವನ್ನು ಓದಿದಾಗಲಂತೂ ನನಗೆ ನಗು ಬಂತು: ಮರದ ತೊಗಟೆಯಿಂದ ಮಾಡಿದ ಉದ್ದನೆಯ ಕಹಳೆಗಳನ್ನು ಊದುತ್ತ, ಬೆತ್ತಗಳಿಂದ ಗೋಡೆ ಬೇಲಿಗಳನ್ನು ಬಡಿಯುತ್ತ, ಊರ ತರುಣರು ಮನೆಯಿಂದ ಮನೆಗೆ ಹೋಗಿ ಕೆಟ್ಟದ್ದನ್ನು ಊರ ಹೊರಗೆ ಅಟ್ಟುತ್ತಾರೆ. ಅದು ನಡೆಯುತ್ತಿದ್ದುದು ಜುಲೈ ತಿಂಗಳ ನಡುವಿಗೆ, ನಮ್ಮಲ್ಲಿ ಆಟಿ ಹುಟ್ಟಿ ಕಳಂಜ ಹೊರಡುವ ಹೊತ್ತಿಗೆ ಸರಿಯಾಗಿ. ಚಹಾದಂಗಡಿಯ ಹಿರಿಯರು ಮಾರಿ ಎಂದಾಕ್ಷಣ ಮಾರಿ ಓಡಿಸುವುದನ್ನು ನೆನೆದದ್ದು ಅಷ್ಟೇನೂ ದಾರಿ ತಪ್ಪಿದ ಮಾತಾಗಿರಲಿಲ್ಲ.

ಸತ್ತವರ ವಿಷಯದಲ್ಲಿ ಅವರ ರೂಢಿ ಇನ್ನೂ ಹತ್ತಿರ ಬರುತ್ತದೆ. ಮರಣದ ನಲವತ್ತನೆಯ ದಿನ ಮನೆಯವರು ಕೂಡಿದಾಗ, ಒಬ್ಬರು ತೀರಿಕೊಂಡವರ ಬಟ್ಟೆಯನ್ನು ತೊಟ್ಟು ಅವರ ಜಾಗದಲ್ಲಿ ಕೂರುತ್ತಾರೆ. ಎಲ್ಲರೂ ಅವರನ್ನು ಸತ್ತವರ ಹೆಸರಿನಿಂದಲೇ ಕರೆದು ಉಣಿಸುತ್ತಾರೆ, ಮಾತಾಡಿಸುತ್ತಾರೆ, ಕೊನೆಗೆ ಬೀಳ್ಕೊಡುತ್ತಾರೆ. ಬೇಸಗೆಯ ಸೆಮಿಕ್ ಹಬ್ಬದಲ್ಲಿ ಹಿರಿಯರು ಮನೆಗೆ ಬರುತ್ತಾರೆಂದು ಮೇಣದ ಬತ್ತಿ ಹಚ್ಚಿ, ಒಬ್ಬೊಬ್ಬರ ಹೆಸರು ಹೇಳಿ, ತಿಂಡಿಯ ತುಣುಕುಗಳನ್ನು ಒಂದು ಪಾತ್ರೆಗೆ ಮುರಿದು ಹಾಕುತ್ತಾರೆ. ಅದನ್ನು ಅಂಗಳದ ನಾಯಿಗಳಿಗೆ ಇಡುವುದುಂಟು. ನಾಯಿಗಳು ಜಗಳವಾಡದೆ ತಿಂದರೆ ಹಿರಿಯರು ಅಲ್ಲಿ ಸುಖವಾಗಿದ್ದಾರೆಂದು ನೆಮ್ಮದಿ. ಪಿಂಡವನ್ನು ಕಾಗೆ ಮುಟ್ಟುವ ತನಕ ಅಂಗಳದ ಬದಿಯಲ್ಲಿ ಕೈಕಟ್ಟಿ ನಿಂತು ಕಾದವರಿಗೆ, ಆಟಿಯಲ್ಲಿ ಕುಲೆಗಳಿಗೆಂದು, ಅಂದರೆ ಸತ್ತ ಹಿರಿಯರಿಗೆಂದು, ಬಾಳೆಲೆ ಹಾಕಿ ಬಡಿಸಿ ಬಾಗಿಲು ಓರೆ ಮಾಡಿ ಹೊರಗೆ ಕುಳಿತವರಿಗೆ ಇದರಲ್ಲಿ ವಿಚಿತ್ರವೇನೂ ಕಾಣಿಸದು. ಲೇಖನದ ಅಡಿಬರಹ ಇದನ್ನು ‘ವಿಲಕ್ಷಣ ನಂಬಿಕೆ’ ಎಂದು ಕರೆದಿದೆ. ಕಾಸರಗೋಡಿನ ಆವೃತ್ತಿಯಲ್ಲಾದರೂ ಆ ವಿಶೇಷಣವನ್ನು ಕೈಬಿಡಬಹುದಿತ್ತು.

ಇನ್ನು ಎರಡನೆಯ ತಿದ್ದುಪಡಿ, ಅಂದರೆ ‘ಬದಲಾಗದೆ ಉಳಿದವರು’ ಎಂಬುದು. ಇದು ಹೊಗಳಿಕೆಯ ಮಾತೆಂದು ಲೇಖಕರು ಭಾವಿಸಿರಬೇಕು, ಆದರೆ ಆ ಜನ ಪಟ್ಟ ಪಾಡನ್ನು ಅದು ಒಂದೇ ಏಟಿಗೆ ಅಳಿಸಿಬಿಡುತ್ತದೆ. 1552ರಲ್ಲಿ ರಷ್ಯಾದ ದೊರೆ ನಾಲ್ಕನೆಯ ಇವಾನ್ ತಾತಾರರ ಕಜಾನನ್ನು ಗೆದ್ದ ಮೇಲೆ ಮೂರು ದಶಕಗಳಿಗೂ ಹೆಚ್ಚು ಕಾಲ ಅವರು ಮತ್ತೆ ಮತ್ತೆ ದಂಗೆಯೆದ್ದರು. ಇಂದಿನ ಯೊಷ್ಕಾರ್-ಓಲಾ 1584ರಲ್ಲಿ ಹುಟ್ಟಿಕೊಂಡದ್ದೇ ಅವರನ್ನು ಹದ್ದುಬಸ್ತಿನಲ್ಲಿಡಲು ಕಟ್ಟಿದ ಕೋಟೆಯಾಗಿ. 18ನೇ ಶತಮಾನದಲ್ಲಿ ಸಾಮೂಹಿಕ ಕ್ರೈಸ್ತ ದೀಕ್ಷೆ ಜೋರಾದಾಗ, ದೀಕ್ಷೆ ಪಡೆದವರಿಗೆ ತೆರಿಗೆ ವಿನಾಯಿತಿ, ಪಡೆಯದವರ ಮೇಲೆ ಹೊರೆ ಎಂದಾದಾಗ, ಎಷ್ಟೋ ಕುಟುಂಬಗಳು ಮನೆಮಾರು ಬಿಟ್ಟು ಪೂರ್ವಕ್ಕೆ ಬಾಷ್ಕಿರ್ ನಾಡಿಗೆ ಹೊರಟುಹೋದವು. ಮೂಡಣ ಮಾರಿಗಳಲ್ಲಿ ಹಳೆಯ ಆಚಾರ ಹೆಚ್ಚು ಉಳಿದದ್ದು ಅವರು ಅಲುಗಾಡದೆ ಕುಳಿತದ್ದರಿಂದಲ್ಲ, ಎದ್ದು ನಡೆದದ್ದರಿಂದ. ಉಳಿದವರಲ್ಲಿ ಬಹುಮಂದಿ ಚರ್ಚಿಗೂ ಹೋಗುತ್ತ, ಬನಕ್ಕೂ ಹೋಗುತ್ತ ಎರಡನ್ನೂ ನಿಭಾಯಿಸಿದರು. ಕುಂಬಳೆ ಬಳಿಯ ಆರಿಕ್ಕಾಡಿಯಲ್ಲಿ ಮುಸ್ಲಿಮನೊಬ್ಬ ದೈವವಾದ ಆಲಿಭೂತವನ್ನು ನಂಬಿಕೊಂಡಿರುವ ನಾವು ಇದನ್ನು ಇಬ್ಬಗೆಯೆಂದು ಹೀಗಳೆಯಲಾರೆವು.

19ನೇ ಶತಮಾನದ ಪೂರ್ವಾರ್ಧದಲ್ಲಿ, ನೆಮ್ದಾ ನದಿಯ ದಡದಲ್ಲಿ ಚುಂಬುಲಾತ್ ಎಂಬ ತಮ್ಮ ಪುರಾತನ ನಾಯಕನ ಹೆಸರಿನ ಬಂಡೆಯ ಬಳಿ ಅವರು ಸಾವಿರಗಟ್ಟಲೆ ಸೇರಿ ಪ್ರಾರ್ಥಿಸುವುದನ್ನು ಕಂಡ ಚರ್ಚಿನ ಹಿರಿಯರು ಆ ಬಂಡೆಯನ್ನು ಸಿಡಿಮದ್ದಿಟ್ಟು ಒಡೆಸಿದರು. ಬಂಡೆಯ ಬುಡದಲ್ಲಿ ಇಂದಿಗೂ ಪ್ರಾರ್ಥನೆ ನಡೆಯುತ್ತದೆ. 1870ರ ದಶಕದಲ್ಲಿ ಅವರೊಳಗಿನಿಂದಲೇ ಕುಗು ಸೊರ್ತಾ, ಅಂದರೆ ದೊಡ್ಡ ಮೇಣಬತ್ತಿ, ಎಂಬ ಪಂಥ ಎದ್ದಿತು. ಅವರು ರಕ್ತಬಲಿಯನ್ನು ಬಿಟ್ಟರು, ಮದ್ಯ ತಂಬಾಕು ಬಿಟ್ಟರು, ರೊಟ್ಟಿ ಜೇನುಗಳನ್ನಷ್ಟೇ ಅರ್ಪಿಸಿದರು, 1890ರಲ್ಲಿ ಕಜಾನಿನಲ್ಲಿ ನಡೆದ ಪ್ರದರ್ಶನಕ್ಕೆ ತಮ್ಮ ಪೂಜಾ ಸಾಮಗ್ರಿಗಳನ್ನು ಕೊಂಡೊಯ್ದು, ನಮ್ಮದೂ ಒಂದು ಧರ್ಮವೆಂದು ನಾಲ್ಕು ಜನರೆದುರು ಇಟ್ಟರು. ಫಲವಾಗಿ ಅವರಲ್ಲಿ ಕೆಲವರು ಗಡಿಪಾರಾದರು. ಬಲಿ ಬೇಕೇ ಬೇಡವೇ ಎಂಬ ಚರ್ಚೆ ನಾವು ಮಾತ್ರ ಮಾಡುತ್ತಿದ್ದೇವೆಂದು ತಿಳಿದವರು ಈ ಪಂಥದ ಕತೆಯನ್ನು ಓದಬೇಕು. ಸೋವಿಯತ್ ಕಾಲದಲ್ಲಿ ಕಾರ್ತ್‌ಗಳು ಶಿಕ್ಷೆಗೊಳಗಾದರು, ಬನಗಳನ್ನು ಕಡಿದದ್ದೂ ಉಂಟು, ಪ್ರಾರ್ಥನೆ ಮರೆಯಲ್ಲಿ ನಡೆಯಿತು. ಎಲ್ಲರೆದುರು ಮತ್ತೆ ಪ್ರಾರ್ಥನೆ ಆರಂಭವಾದದ್ದು, ಆ ಧರ್ಮ ಸಂಸ್ಥೆಯಾಗಿ ನೋಂದಣಿಗೊಂಡದ್ದು 1991ರ ಹೊತ್ತಿಗೆ. ಈಗ ಮಾರಿ ಎಲ್‌ನಲ್ಲಿ ನೂರಾರು ಬನಗಳಿಗೆ ಸರಕಾರದ ರಕ್ಷಣೆಯ ಪಟ್ಟಿಯಲ್ಲಿ ಸ್ಥಾನವಿದೆ. ಇಷ್ಟು ಏಳುಬೀಳು ಕಂಡವರನ್ನು ಬದಲಾಗದವರೆನ್ನುವುದು ಹೇಗೆ?

ಇಷ್ಟರ ನಡುವೆಯೂ ಉಳಿದದ್ದು ಏನು ಎಂದು ಯೋಚಿಸಿದರೆ, ನನಗೆ ತೋರುವ ಉತ್ತರ ಲೇಖನದಲ್ಲಿ ದೊಡ್ಡದಾಗಿ ಅಚ್ಚಾದ ಕಸೂತಿಯ ಬಿಳಿ ಅಂಗಿಯಲ್ಲಾಗಲಿ, ಬೆಳ್ಳಿನಾಣ್ಯಗಳ ಎದೆಹಾರದಲ್ಲಾಗಲಿ ಇಲ್ಲ. ಆ ಕಸೂತಿ ಸುಂದರವಾದದ್ದೇ. ಕೊರಳು, ಮುಂಗೈ, ಅಂಚುಗಳಲ್ಲಿ, ಅಂದರೆ ಕೆಟ್ಟದ್ದು ಒಳನುಗ್ಗಬಹುದಾದ ಕಡೆಗಳಲ್ಲಿ, ಅದನ್ನು ಒತ್ತಾಗಿ ಹಾಕುತ್ತಾರೆ. ಆದರೆ ಅಂಗಿಯನ್ನು ವೇದಿಕೆಗೂ ತೊಡಬಹುದು. 1920ರಲ್ಲಿ ಆರಂಭವಾದ ಪೆಲೆದಿಷ್ ಪೈರೆಮ್ ಎಂಬ ಹೂಹಬ್ಬಕ್ಕೆ ಹಾಡು, ಕುಣಿತ, ಭಾಷಣ ಎಲ್ಲ ಇವೆ, ತಮ್ಮ ಚಿತ್ರಗಳಲ್ಲಿ ಹೆಚ್ಚಿನವು ಅಲ್ಲಿಯವೇ ಎಂದು ತೋರುತ್ತದೆ. ಬನಕ್ಕೆ ಮಾತ್ರ ವೇದಿಕೆಯಿಲ್ಲ. ಅಲ್ಲಿ ಕಾರ್ತ್ ತನ್ನ ನುಡಿಯಲ್ಲೇ, ತಲೆಮಾರುಗಳಿಂದ ಬಾಯಿಂದ ಬಾಯಿಗೆ ಬಂದ ಮಾತುಗಳಲ್ಲಿ ಉದ್ದಕ್ಕೆ ಪ್ರಾರ್ಥಿಸಬೇಕು, ಸುತ್ತಲಿನವರಿಗೆ ಅದು ಅರ್ಥವಾಗಬೇಕು. ಮಾರಿ ಭಾಷೆ ಬಾರದ ಕಾರ್ತ್ ಇರುವುದು ಸಾಧ್ಯವಿಲ್ಲ. ಬನಕ್ಕೆ ಭಾಷೆ ಬೇಕು, ಭಾಷೆಗೆ ಬನವೂ ಒಂದು ಮನೆ. ಮಾರಿ ಸಾಹಿತ್ಯದ ಮೊದಲ ಕವಿತೆಯೆಂದು ಅವರು ಎಣಿಸುವುದು 1905ರಲ್ಲಿ ಸೆರ್ಗೆಯ್ ಚಾವೈನ್ ಬರೆದದ್ದನ್ನು. ಅದರ ಹೆಸರು ‘ಒತೊ’, ಅಂದರೆ ತೋಪು. 1888ರಲ್ಲಿ ಹುಟ್ಟಿದ ಆ ಕವಿಯನ್ನು 1937ರ ನವೆಂಬರಿನಲ್ಲಿ, ಸ್ಟಾಲಿನ್ ಕಾಲದ ದಮನದಲ್ಲಿ, ಗುಂಡಿಕ್ಕಿ ಕೊಂದರು. ಅವರ ಪೀಳಿಗೆಯ ಮಾರಿ ಬರಹಗಾರರು, ವಿದ್ವಾಂಸರು ಬಹುಮಂದಿ ಅದೇ ದಾರಿ ಹಿಡಿದರು.

ಈಗ ಗುಂಡಿನ ಅಗತ್ಯವಿಲ್ಲದೆಯೇ ಕೆಲಸ ಸಾಗುತ್ತಿದೆ. ಮಾರಿ ಭಾಷೆಯ ಹುಲ್ಲುಗಾವಲ, ಗುಡ್ಡದ ಎರಡು ಬರಹರೂಪಗಳಿಗೂ ರಷ್ಯನ್ನಿನ ಜೊತೆ ಗಣರಾಜ್ಯದ ಅಧಿಕೃತ ಭಾಷೆಯ ಪಟ್ಟವಿದೆ, ಆದರೆ 2018ರ ಫೆಡರಲ್ ಕಾನೂನಿನ ನಂತರ ಶಾಲೆಯಲ್ಲಿ ಅದನ್ನು ಕಲಿಯುವುದು ಪೋಷಕರ ಇಚ್ಛೆಗೆ ಬಿಟ್ಟ ವಿಷಯ. ಇಚ್ಛೆಗೆ ಬಿಟ್ಟರೆ ಪೋಷಕರು ಏನನ್ನು ಇಚ್ಛಿಸುತ್ತಾರೆಂಬುದು ಶಾಲೆಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು. 2010ರ ಜನಗಣತಿಯಲ್ಲಿ ರಷ್ಯಾದಲ್ಲಿ 5 ಲಕ್ಷ 47 ಸಾವಿರದಷ್ಟಿದ್ದ ಮಾರಿಗಳು 2021ರ ಗಣತಿಯಲ್ಲಿ 4 ಲಕ್ಷ 24 ಸಾವಿರದ ಆಸುಪಾಸಿಗೆ ಇಳಿದರು. ಹನ್ನೊಂದು ವರ್ಷಗಳಲ್ಲಿ ಒಂದು ಲಕ್ಷಕ್ಕೂ ಮೀರಿದ ಜನ ಸತ್ತು ಹೋದರೆಂದಲ್ಲ. ಬಹಳಷ್ಟು ಮಂದಿ ತಮ್ಮನ್ನು ಬೇರೆ ಹೆಸರಿನಿಂದ ಬರೆಸಿಕೊಂಡರೆಂದು, ಇಲ್ಲವೇ ಏನನ್ನೂ ಬರೆಸಲಿಲ್ಲವೆಂದು ಊಹಿಸಬೇಕು.

ನಮ್ಮಲ್ಲಿ ಇದರ ದಿಕ್ಕು ಬೇರೆ, ಮುಟ್ಟುವ ಜಾಗ ಒಂದೇ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು, ಗಡಿ ವಿವಾದದ ಕುರಿತ 1967ರ ಮಹಾಜನ ಆಯೋಗದ ವರದಿ ಚಂದ್ರಗಿರಿ ಹೊಳೆಯ ಉತ್ತರಭಾಗ ಕರ್ನಾಟಕಕ್ಕೆ ಸೇರಬೇಕೆಂದು ಹೇಳಿ ಕಪಾಟು ಸೇರಿತು, 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕಾನೂನು ಬಂತು. ಅಲ್ಲಿ ತಮ್ಮ ಭಾಷೆ ಐಚ್ಛಿಕವಾಯಿತು, ಇಲ್ಲಿ ನೆರೆಯ ಭಾಷೆ ಕಡ್ಡಾಯವಾಯಿತು. ನಾನು ಸೇವೆಗೆ ಸೇರಿದಾಗ ಎರಡು ಡಿವಿಜನ್ ಇದ್ದ ಕನ್ನಡ ತರಗತಿ, ನಾನು ನಿವೃತ್ತನಾಗುವ ಹೊತ್ತಿಗೆ ಒಂದಾಗಿ, ಆ ಒಂದನ್ನು ಉಳಿಸಿಕೊಳ್ಳಲು ಜೂನ್ ತಿಂಗಳಲ್ಲಿ ಅಧ್ಯಾಪಕರು ಮನೆಮನೆ ತಿರುಗಿ ಮಕ್ಕಳನ್ನು ಲೆಕ್ಕ ಹಾಕುವಂತಾಗಿತ್ತು. ಮಲಯಾಳದ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ, ಒತ್ತೆಕೋಲವೆಂಬ ದೈವಾರಾಧನೆಯಲ್ಲಿ ಮಲಯಾಳದ ತೋಟ್ಟಂ ಹಾಡು ಕೇಳುತ್ತ ರಾತ್ರಿ ಬೆಳಗು ಮಾಡಿದವನು ನಾನು. ನನ್ನ ಅಳಲು ಇರುವುದು ಬೇರೆಡೆ. ಕಳೆದ ವರ್ಷ ನಮ್ಮ ದೈವದ ನೇಮದಲ್ಲಿ ಮಧ್ಯಸ್ಥರು ತುಳುವಿನಲ್ಲಿ ಮದಿಪು, ಅಂದರೆ ದೈವಕ್ಕೆ ಮಾಡುವ ಬಿನ್ನಹ, ಹೇಳುತ್ತಿದ್ದಾಗ, ಬೆಂಗಳೂರಿನಿಂದ ಬಂದಿದ್ದ ಅಣ್ಣನ ಮೊಮ್ಮಗ ಅದನ್ನು ಪೂರ್ತಿಯಾಗಿ ಮೊಬೈಲಿನಲ್ಲಿ ಹಿಡಿದುಕೊಂಡ. ಮರುದಿನ ಜಗಲಿಯಲ್ಲಿ ಕುಳಿತು, “ಅಜ್ಜ, ಇದರ ಅರ್ಥ ಬರೆದುಕೊಡಿ” ಎಂದ. ನಾಲ್ಕು ಸಲ ಹಾಕಿಸಿ ಕೇಳಿದೆ. ಮೂವತ್ತೊಂದು ವರ್ಷ ಭಾಷೆ ಕಲಿಸಿದ ನನಗೆ ಅದರಲ್ಲಿ ಹತ್ತಾರು ಶಬ್ದಗಳು ಬಿಡಿಸಲಾಗಲಿಲ್ಲ. ಹೇಳಿದವರನ್ನೇ ಕೇಳೋಣವೆಂದು ಹೋದರೆ, ಎಂಬತ್ತು ದಾಟಿದ ಅವರು, “ಅದನ್ನು ಇಲ್ಲಿ ಕುಳಿತು ಹೇಳಲಿಕ್ಕೆ ಬರುವುದಿಲ್ಲ ಮಾಷ್ಟ್ರೇ, ಅಲ್ಲಿ ನಿಂತರೆ ಬರುತ್ತದೆ” ಎಂದರು. ಅಲ್ಲಿ ಎಂದರೆ ಮರದ ಕೆಳಗೆ.

ಆದ್ದರಿಂದ ತಮ್ಮಲ್ಲಿ ಎರಡು ವಿನಂತಿ. ಮುಂದಿನ ಪುರವಣಿಯಲ್ಲಿ ‘ವಿಗ್ರಹಾರಾಧಕರು’ ಎಂಬುದನ್ನು ‘ಬನದಲ್ಲಿ ಪ್ರಾರ್ಥಿಸುವವರು’ ಎಂದು ತಿದ್ದಿ ಒಂದು ಸಾಲು ಹಾಕಬೇಕು, ಮತ್ತು ಅವರ ಬನಗಳಿಗೆ ಅಲ್ಲಿ ಕಾನೂನಿನ ರಕ್ಷಣೆ ಇರುವ ಸಂಗತಿಯನ್ನು ಓದುಗರಿಗೆ ತಿಳಿಸಬೇಕು. ಎರಡನೆಯದು ಸ್ವಲ್ಪ ಸ್ವಾರ್ಥದ್ದು. ನಮ್ಮ ಬನದ ಅಂಚಿನಲ್ಲಿ ಒಂದು ಹಾಲೆ ಮರ ಉಳಿದಿದೆ. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಕಬ್ಬಿಣ ತಾಗಿಸದೆ, ಕಲ್ಲಿನಿಂದ ಜಜ್ಜಿ ಅದರ ತೊಗಟೆ ತೆಗೆದು ಊರವರೆಲ್ಲ ಕಷಾಯ ಮಾಡಿ ಕುಡಿಯುವುದು ವಾಡಿಕೆ. ಎಲೆ ಬಿದ್ದು ಶೀಟಿನ ನೀರು ಕಟ್ಟಿಕೊಳ್ಳುತ್ತದೆಂದು ಅದನ್ನು ಕಡಿಸುವ ವಿಷಯ ಮುಂದಿನ ತಿಂಗಳ ಎರಡನೇ ಭಾನುವಾರ ತರವಾಡಿನ ಸಭೆಗೆ ಬರಲಿದೆ. ಅದಕ್ಕೂ ಮೊದಲು ಈ ಪತ್ರ ಅಚ್ಚಾದರೆ, ಪತ್ರಿಕೆಯನ್ನು ಸಭೆಗೆ ಕೊಂಡೊಯ್ದು ಓದಬೇಕೆಂದಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕನ್ನಡ ಅಧ್ಯಾಪಕ
ಬದಿಯಡ್ಕ, ಕಾಸರಗೋಡು ಜಿಲ್ಲೆ